ಕಿವಿ ಮಿಷನ್ ಹಾಕಿದ ಮಗು ತರಗತಿಯಲ್ಲಿ ಕೇಳಿಸಿಕೊಳ್ಳಬೇಕಾದರೆ

ಕಿವಿ ಮಂದವಿರುವ ಮಗುವಿಗೆ ತರಗತಿಯಲ್ಲಿ ಮೊದಲು ಸಿಗುವ ಹೆಸರು ‘ಮೊಂಡ’. ಕರೆದರೆ ಓಗೊಡಲಿಲ್ಲ ಎಂದು ಏಟೂ ಬೀಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಇಂಥ ಮಕ್ಕಳನ್ನು ಗುರುತಿಸಲು ಮಂಡ್ಯದ ಹಳ್ಳಿ ಶಾಲೆಯಲ್ಲಿ ನಾವು ಶುರು ಮಾಡಿದ್ದು ಉಕ್ತಲೇಖನದ ಪುಸ್ತಕದಿಂದ. ಬೋರ್ಡ್ ನೋಡಿ ಬರೆದದ್ದು ಸರಿಯಿದ್ದು, ಹೇಳಿ ಬರೆಸಿದ್ದು ಮಾತ್ರ ಕೆಟ್ಟಿದ್ದರೆ, ಅದರಲ್ಲೂ ‘ಸ’, ‘ಶ’ ಇರುವ ಪದಗಳೇ ತಪ್ಪುತ್ತಿದ್ದರೆ ಕಿವಿ ಪರೀಕ್ಷೆಗೆ ಕಳಿಸುತ್ತೇವೆ. ನಮಗೆ ಹತ್ತಿರವಿರುವುದು ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆ ಪುಸ್ತಕವನ್ನೂ ಅಪ್ಪ-ಅಮ್ಮನ ಕೈಲಿ ಕೊಟ್ಟಿರುತ್ತೇವೆ.

ಮಿಷನ್ ಬಂದರೆ ಎಲ್ಲ ಸರಿಹೋಯಿತು ಎಂದುಕೊಳ್ಳುವಲ್ಲೇ ಶಾಲೆಗಳು ತಪ್ಪುವುದು. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಒಂದು ನಿಮಿಷದ ಪರೀಕ್ಷೆ ಮಾಡಿ. ಬಾಯಿ ಕಾಣದಂತೆ ಹಾಳೆ ಅಡ್ಡ ಹಿಡಿದು, 6 ಅಡಿ ದೂರದಿಂದ ಮ್, ಊ, ಆ, ಈ, ಶ್, ಸ್ ಎಂಬ ಆರು ದನಿಗಳನ್ನು ಕ್ರಮ ತಪ್ಪಿಸಿ ಹೇಳಿ. ಮಗು ತಿರುಗಿ ಹೇಳಬೇಕು. ಒಂದೇ ಲಯದಲ್ಲಿ ಹೇಳಿದರೆ ಊಹಿಸಿಬಿಡುತ್ತದೆ. ನಿನ್ನೆ ಕೇಳಿಸಿದ್ದ ‘ಸ್’ ಇವತ್ತು ಕೇಳಿಸದಿದ್ದರೆ ಮೊದಲು ಸೆಲ್ ನೋಡಿ. ಮಿಷನ್ನಿನ ಜಿಂಕ್-ಏರ್ ಸೆಲ್ ಗಾಳಿ ತಾಗಿದರೇ ಕೆಲಸ ಮಾಡುವಂಥದ್ದು, ಅದರ ಸ್ಟಿಕರ್ ಕಿತ್ತು ಒಂದೆರಡು ನಿಮಿಷ ಗಾಳಿಗಿಟ್ಟು ಹಾಕಬೇಕು. ಒಮ್ಮೆ ಕಿತ್ತದ್ದನ್ನು ಮತ್ತೆ ಅಂಟಿಸಿದರೂ ಸೆಲ್ ಹೊಸದಾಗಿ ಉಳಿಯುವುದಿಲ್ಲ. ಮಿಷನ್ ಕುಯ್‌ಗುಟ್ಟಿದರೆ ಕಿವಿಯೊಳಗೆ ಕೂರುವ ಅಚ್ಚು ಸಡಿಲವಾಗಿದೆ, ಇಲ್ಲವೇ ಕಿವಿಯಲ್ಲಿ ಗುಗ್ಗೆ ಕಟ್ಟಿದೆ. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಬೆಳೆಯದು. ಸದ್ದು ಅಡಗಿಸಲು ವಾಲ್ಯೂಮ್ ಇಳಿಸಬೇಡಿ, ಹೊಸ ಅಚ್ಚು ಮಾಡಿಸಿ.

ಮಿಷನ್ ಮೇಷ್ಟರ ಮಾತನ್ನೂ ಗದ್ದಲವನ್ನೂ ಒಟ್ಟಿಗೇ ದೊಡ್ಡದು ಮಾಡುತ್ತದೆ. ಹಾಗಾಗಿ ಬೆಂಚಿನ ಕಾಲುಗಳಿಗೆ ಹಳೇ ಸೈಕಲ್ ಟ್ಯೂಬ್ ತೊಡಿಸಿದೆವು. ಟ್ಯೂಬನ್ನು ತಳದಡಿಗೆ ಮಡಚಿ ಬೈಂಡಿಂಗ್ ವೈರಿನಲ್ಲಿ ಬಿಗಿಯಬೇಕು. ತಳ ಬರಿದಾಗಿದ್ದರೆ ‘ಕರ್’ ಸದ್ದು ಹಾಗೇ ಇರುತ್ತದೆ. ಹಿಂದಿನ ಗೋಡೆಗೆ ಗೋಣಿಚೀಲ ಹೊಲಿದು ಇಳಿಬಿಟ್ಟರೆ ಮಾರ್ದನಿ ತಗ್ಗುತ್ತದೆ. ಮಗುವಿನ ಜಾಗ ಎರಡನೇ ಸಾಲಿನ ಅಂಚು, ಚೆನ್ನಾಗಿ ಕೇಳುವ ಕಿವಿ ತರಗತಿಯ ಕಡೆಗೆ. ಕಿಟಕಿ ಮೇಷ್ಟರ ಬೆನ್ನಿಗಿರಬಾರದು, ಮುಖ ಕತ್ತಲಾಗಿ ತುಟಿ ಕಾಣುವುದಿಲ್ಲ. ಇದೆಲ್ಲ ದಯೆಯಲ್ಲ: 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಭೇದವಿಲ್ಲದೆ ಸೇರಿಸಿಕೊಂಡು, ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡುವುದು ಶಾಲೆಯ ಹೊಣೆ.

ಬೋರ್ಡಿಗೆ ಮುಖ ಮಾಡಿ ಪಾಠ ಹೇಳಬೇಡಿ. ಹಿಂದಿನ ಬೆಂಚಿನವರು ಕೊಟ್ಟ ಉತ್ತರವನ್ನು ನೀವು ಮತ್ತೊಮ್ಮೆ ಹೇಳಿ. “ಅರ್ಥ ಆಯ್ತಾ ಮಗಾ?” ಎಂದರೆ “ಹೂಂ ಮಿಸ್” ಎಂದೇ ಬರುತ್ತದೆ, “ಈಗ ಯಾವ ಲೆಕ್ಕ ಮಾಡ್ಬೇಕು, ಹೇಳು” ಎಂದು ಕೇಳಿ.

ಬಿಸಿಯೂಟದ ಹೊತ್ತಿಗೆ ಸ್ಟೀಲ್ ತಟ್ಟೆಗಳ ಸದ್ದು ತಾಳದೆ ಮಗು ಮಿಷನ್ ಕಿತ್ತು ಜೇಬಿಗಿಡುತ್ತದೆ. ಕಳೆದುಹೋಗುವುದು, ಬಟ್ಟೆಯೊಂದಿಗೆ ನೀರಿಗೆ ಬೀಳುವುದು ಆಗಲೇ. ಬೈಯಬೇಡಿ, ಹೆಸರು ಬರೆದ ಮುಚ್ಚಳದ ಡಬ್ಬಿಯೊಂದನ್ನು ಟೇಬಲ್ ಮೇಲಿಡಿ. ಮನೆಯಲ್ಲಿ ರಾತ್ರಿ ಮಿಷನ್ ಇಡುವ ಡಬ್ಬಿಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಸಿ, ಆದರೆ ಸೆಲ್ ತೆಗೆದು ಹೊರಗಿಡಬೇಕು. ಜೆಲ್ಲಿನ ಜೊತೆ ಇಟ್ಟರೆ ಅದು ಬೇಗ ಒಣಗುತ್ತದೆ. ಖಾಲಿಯಾದ ಸೆಲ್ಲನ್ನು ನೀವೇ ಇಸಿದುಕೊಳ್ಳಿ. ಮನೆಯಲ್ಲಿ ಎಳೆಮಗುವಿದ್ದರೆ ಬಾಯಿಗೆ ಹಾಕಿಕೊಂಡೀತು. ನುಂಗಿದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು.