ಕೋ-ಓನರ್ ಮಾಡಿದ್ರೆ ಸಾಕು ಅಂದ್ಕೊಂಡಿದ್ವಿ: ಫ್ಲೋಗಳನ್ನ ಕೈ ಬದಲಾಯಿಸಿದ ನನ್ನ ಅನುಭವ

ಪೀಣ್ಯದಲ್ಲಿ ಮಷಿನ್ ಪಾರ್ಟ್ಸ್ ಮಾಡೋ ಒಂದು ಕಂಪನೀಲಿ ಎಂಐಎಸ್ ಕೆಲಸ ನಂದು, ಅಂದ್ರೆ ದಿನದ ಲೆಕ್ಕಗಳ ರಿಪೋರ್ಟ್ ಮಾಡೋದು. ದಿನಾ ಬೆಳಿಗ್ಗೆ 7:30ಕ್ಕೆ ನಮ್ಮಲ್ಲಿ ಡಿಸ್ಪ್ಯಾಚ್ ರಿಪೋರ್ಟ್ ಮೇಲ್ ಹೋಗತ್ತೆ. ರಾತ್ರಿ ಶಿಫ್ಟ್‌ನೋರು ನಾಲ್ಕು ಪ್ಲಾಂಟಿಂದ ಎಕ್ಸೆಲ್ ಕಳಿಸ್ತಾರೆ, ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್‌ನ ಒಂದು ಫ್ಲೋ (ತಾನಾಗೇ ಓಡೋ ಸ್ಟೆಪ್‌ಗಳ ಸರಣಿ) ಆ ಅಟ್ಯಾಚ್‌ಮೆಂಟ್ ತೆಗೆದು ಕಂಪನಿ ಫೈಲ್ ಇಡೋ ಶೇರ್‌ಪಾಯಿಂಟ್‌ಗೆ ಹಾಕತ್ತೆ, ರಿಪೋರ್ಟ್ ಮಾಡೋ ಪವರ್ ಬಿಐನಲ್ಲಿ ಡೇಟಾ ಸಿದ್ಧಮಾಡೋ ಡೇಟಾಫ್ಲೋ ರಿಫ್ರೆಶ್ ಆಗತ್ತೆ, ಬೆಳಿಗ್ಗೆ ಇನ್ನೊಂದು ಫ್ಲೋ ಮೇಲ್ ಕಳಿಸತ್ತೆ. ಇದನ್ನೆಲ್ಲಾ ಕಟ್ಟಿದ್ದು ನಮ್ಮ ಸೀನಿಯರ್ ಒಬ್ರು, ತುಂಬಾ ಶ್ರದ್ಧೆಯ ಮನುಷ್ಯ. ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿ ಹೊರಟಾಗ ಕೊನೇ ದಿನ ನನ್ನ ಪಕ್ಕ ಕೂತು ಕೆಟಿ ಕೊಟ್ರು, ಅಂದ್ರೆ ಯಾವುದು ಹೇಗೆ ನಡೆಯತ್ತೆ ಅಂತ ಹೇಳ್ಕೊಟ್ರು, ಶೇರ್ ಒತ್ತಿ ನನ್ನ ಕೋ-ಓನರ್ ಮಾಡಿದ್ರು, ನಂಗೆ ಫ್ಲೋ ಓಪನ್ ಆಯ್ತು, ಎಡಿಟ್ ಮಾಡೋಕೂ ಬಂತು, ಸರಿ ಮುಗೀತು ಅಂತ ಇಬ್ರೂ ಟೀ ಕುಡಿಯೋಕೆ ಹೋದ್ವಿ.

ಶುಕ್ರವಾರ ಸಂಜೆ ಐಟಿಯವರು ಅವರ ಅಕೌಂಟ್ ಬ್ಲಾಕ್ ಮಾಡಿದ್ರು. ಶನಿವಾರ ಬೆಳಿಗ್ಗೆ ರಿಪೋರ್ಟ್ ಬರ್ಲಿಲ್ಲ. 7:45ಕ್ಕೆ ಡಿಸ್ಪ್ಯಾಚ್ ಮ್ಯಾನೇಜರ್ ಫೋನು, "ಏನಮ್ಮಾ, ಗಾಡಿ ಲೋಡ್ ಮಾಡ್ಸೋದು ಯಾವುದನ್ನ ನೋಡಿ?" ಅಂತ. ಆವತ್ತು ಬಸ್ಸಲ್ಲೇ ಲ್ಯಾಪ್‌ಟಾಪ್ ತೆಗೆದು ನೋಡಿದೆ, ಎಲ್ಲಾ ಕನೆಕ್ಷನ್ (ಫ್ಲೋ ಮೇಲ್, ಶೇರ್‌ಪಾಯಿಂಟ್ ಒಳಗೆ ಹೋಗೋಕೆ ಬಳಸೋ ಲಾಗಿನ್) ಮೇಲೂ ಎಚ್ಚರಿಕೆ ಗುರುತು.

ಆಗ ನಂಗೆ ಅರ್ಥ ಆಗಿದ್ದು ಇದು. ಫ್ಲೋ ಬೇರೆ, ಫ್ಲೋ ಒಳಗಿನ ಕನೆಕ್ಷನ್ ಬೇರೆ. ಕೋ-ಓನರ್ ಆದೋರು ಫ್ಲೋ ಬದಲಾಯಿಸ್ಬಹುದು, ರನ್ ಹಿಸ್ಟರಿ ನೋಡ್ಬಹುದು, ಬೇಕಿದ್ರೆ ಡಿಲೀಟೂ ಮಾಡ್ಬಹುದು, ಆದ್ರೆ ಬೇರೆಯೋರು ಮಾಡಿದ ಕನೆಕ್ಷನ್‌ನ ಲಾಗಿನ್ ಸರಿಮಾಡೋಕೆ ಆಗಲ್ಲ. ಹೊಲ ತಗೊಂಡು ಪಹಣೀಲಿ ನಮ್ಮ ಹೆಸರು ಬಂದ್ರೂ ಬೋರ್‌ವೆಲ್ಲಿನ ಆರ್‌ಆರ್ ನಂಬರ್ ಹಳೇ ಮಾಲೀಕರ ಹೆಸರಲ್ಲೇ ಇರತ್ತಲ್ಲ, ಹಾಗೆ. ಅವರು ಕರೆಂಟ್ ಕಟ್ ಮಾಡ್ಸಿದ ದಿನ ನೀರು ನಿಲ್ಲತ್ತೆ.

ಸರಿ, ನನ್ನ ಲಾಗಿನ್ ಕೊಟ್ಟು ಹೊಸ ಕನೆಕ್ಷನ್ ಮಾಡ್ದೆ, ಎಚ್ಚರಿಕೆ ಗುರುತು ಹೋಯ್ತು, ಆದ್ರೂ ಫೈಲ್ ಬರ್ತಿಲ್ಲ. ಯಾಕಂದ್ರೆ ಹೊಸ ಮೇಲ್ ಬಂದಾಗ ಫ್ಲೋನ ಶುರುಮಾಡೋ ಟ್ರಿಗರ್ ಯಾರ ಕನೆಕ್ಷನ್ ಇದೆಯೋ ಅವರ ಇನ್‌ಬಾಕ್ಸ್ ನೋಡತ್ತೆ. ಈಗ ಅದು ನನ್ನ ಇನ್‌ಬಾಕ್ಸ್ ಕಾಯ್ತಿದೆ, ಪ್ಲಾಂಟ್‌ನೋರು ಹಳಬರ ಅಡ್ರೆಸ್‌ಗೆ ಕಳಿಸ್ತಿದ್ದಾರೆ. ಐಟಿಯವರ ಹತ್ರ ಹೇಳಿ ಡಿಸ್ಪ್ಯಾಚ್‌ಗೆ ಅಂತಲೇ ಒಂದು ಶೇರ್ಡ್ ಮೇಲ್‌ಬಾಕ್ಸ್ (ಹಲವರು ಸೇರಿ ಬಳಸೋ ಮೇಲ್ ಅಡ್ರೆಸ್) ಮಾಡ್ಸಿದೆ, ಟ್ರಿಗರ್ ತೆಗೆದು ಶೇರ್ಡ್ ಮೇಲ್‌ಬಾಕ್ಸ್‌ನ ಟ್ರಿಗರ್ ಹಾಕ್ದೆ, ನಾಲ್ಕೂ ಪ್ಲಾಂಟಿಗೆ ಫೋನ್ ಮಾಡಿ ಅಡ್ರೆಸ್ ಹೇಳ್ದೆ. ಒಬ್ರು ಸೂಪರ್‌ವೈಸರ್ ಮಾತ್ರ ಎರಡು ವಾರ ಹಳೇ ಅಡ್ರೆಸ್‌ಗೇ ಕಳಿಸ್ತಿದ್ರು. ಪಾಪ ಅವರ ತಪ್ಪಲ್ಲ, ಔಟ್‌ಲುಕ್‌ನಲ್ಲಿ ಎರಡಕ್ಷರ ಒತ್ತಿದ್ರೆ ಹಳೇ ಹೆಸರೇ ಮೊದಲು ಬರ್ತಿತ್ತು, ನಾನೇ ಪ್ಲಾಂಟಿಗೆ ಹೋದಾಗ ಆ ಹೆಸರಿನ ಪಕ್ಕದ ಗುಣಾಕಾರ ಗುರುತು ಒತ್ತಿ ತೆಗೆದು ಬಂದೆ.

ಇನ್ನೊಂದು, ಪ್ಲಾಂಟ್ ಕೋಡ್ ಯಾವುದು ಯಾವ ಊರಿಂದು ಅನ್ನೋ ಚಿಕ್ಕ ಎಕ್ಸೆಲ್ ನಮ್ಮ ಸೀನಿಯರ್ ಅವರ ಸ್ವಂತ ಒನ್‌ಡ್ರೈವ್‌ನಲ್ಲಿತ್ತು. ಅಕೌಂಟ್ ಡಿಲೀಟ್ ಆದ್ರೆ ಮಾಮೂಲಿ ಸೆಟ್ಟಿಂಗ್‌ನಲ್ಲಿ ಒನ್‌ಡ್ರೈವ್ 30 ದಿನ ಮಾತ್ರ ಉಳಿಯತ್ತೆ. ನಮ್ಮಲ್ಲಿ ಇನ್ನೂ ಬ್ಲಾಕ್ ಮಾತ್ರ ಆಗಿದ್ರಿಂದ ಫೈಲ್ ಸಿಕ್ತು, ಶೇರ್‌ಪಾಯಿಂಟ್‌ಗೆ ಹಾಕ್ದೆ. ಆದ್ರೆ ಫೈಲ್ ಜಾಗ ಬದಲಾದ್ರೆ ಫ್ಲೋಗೆ ತಾನಾಗೇ ಗೊತ್ತಾಗಲ್ಲ, ಎಕ್ಸೆಲ್ ಇರೋ ಪ್ರತಿ ಸ್ಟೆಪ್‌ನಲ್ಲೂ ಫೈಲ್, ಟೇಬಲ್ ಎರಡನ್ನೂ ಮತ್ತೆ ಆರಿಸ್ಬೇಕು.

ಪವರ್ ಬಿಐ ಕಡೆ ಇಷ್ಟು ಕಷ್ಟ ಆಗ್ಲಿಲ್ಲ. ಡೇಟಾಫ್ಲೋ ಸೆಟ್ಟಿಂಗ್ಸ್‌ನಲ್ಲಿ ಟೇಕ್ ಓವರ್ ಅಂತ ಇದೆ, ಒತ್ತಿದ್ರೆ ಓನರ್ ನೀವು, ಆಮೇಲೆ ಕ್ರೆಡೆನ್ಷಿಯಲ್ (ಲಾಗಿನ್ ವಿವರ) ಮತ್ತೆ ಕೊಡ್ಬೇಕು, ಅದನ್ನ ಮರೆತ್ರೆ ಮುಂದಿನ ರಿಫ್ರೆಶ್ ಫೇಲ್. ಗೇಟ್‌ವೇ ಮಾತ್ರ ಕಾಡ್ತು, ಅಂದ್ರೆ ಕಂಪನಿ ಒಳಗಿನ ಡೇಟಾನ ಪವರ್ ಬಿಐಗೆ ತಲುಪಿಸೋ ಸಾಫ್ಟ್‌ವೇರ್. ಪ್ಲಾಂಟಿನ ಡೇಟಾಬೇಸ್ ಇರೋ ಎಸ್‌ಕ್ಯೂಎಲ್ ಸರ್ವರ್‌ಗೆ ಹೋಗೋ ಗೇಟ್‌ವೇ ಅವರ ಹಳೇ ಡೆಸ್ಕ್‌ಟಾಪ್‌ನಲ್ಲಿತ್ತು, ಅಡ್ಮಿನ್ ಅವರೊಬ್ರೇ, ಅದನ್ನ ಬೇರೆ ಮಷಿನ್‌ಗೆ ಸಾಗಿಸ್ಬೇಕಂದ್ರೆ ರಿಕವರಿ ಕೀ (ಗೇಟ್‌ವೇ ಹಾಕುವಾಗ ಇಟ್ಟ ಪಾಸ್‌ವರ್ಡ್) ಬೇಕು. ಫೋನ್ ಮಾಡ್ದೆ. "ನನ್ನ ಡ್ರಾಯರ್‌ನಲ್ಲಿ ನೀಲಿ ಡೈರಿ ಇದೆ ನೋಡಮ್ಮ, ಕೊನೇ ಪುಟ" ಅಂದ್ರು. ಇತ್ತು, ಪೆನ್ಸಿಲ್ಲಲ್ಲಿ ಬರೆದಿದ್ರು. ಆ ಡೈರಿ ರದ್ದಿಗೆ ಹೋಗಿದ್ರೆ ಗೇಟ್‌ವೇ ಹೊಸದಾಗಿ ಹಾಕಿ ಒಂದೊಂದು ಡೇಟಾ ಸೋರ್ಸೂ ಮತ್ತೆ ಸೇರಿಸ್ಬೇಕಿತ್ತು.

ಬೆಳಿಗ್ಗೆ ಮೇಲ್ ಕಳಿಸೋ ಫ್ಲೋ ತೆರೆದ್ರೆ ರಿಕರೆನ್ಸ್‌ನಲ್ಲಿ (ಯಾವಾಗ ಓಡ್ಬೇಕು ಅನ್ನೋ ಸೆಟ್ಟಿಂಗ್) ಗಂಟೆ 2 ಅಂತಿತ್ತು. ಇದು ತಪ್ಪು ಅಂದ್ಕೊಂಡು 7:30 ಮಾಡ್ದೆ. ಮಾರನೇ ದಿನ ರಿಪೋರ್ಟ್ ಮಧ್ಯಾಹ್ನ 1 ಗಂಟೆಗೆ ಬಂತು! ಟೈಮ್ ಝೋನ್ ಖಾಲಿ ಬಿಟ್ರೆ ಅದು ಯುಟಿಸಿ, ಜಗತ್ತಿಗೆಲ್ಲಾ ಒಂದೇ ಆದ ಸಮಯ, ನಮಗಿಂತ ಐದೂವರೆ ಗಂಟೆ ಹಿಂದೆ, ಅಂದ್ರೆ ಅವರು ಹಾಕಿದ್ದ 2 ಗಂಟೇನೇ ನಮ್ಮ 7:30. ಅವರ ತಲೇಲಿದ್ದ ಲೆಕ್ಕ ಅದು, ಎಲ್ಲೂ ಬರೆದಿರ್ಲಿಲ್ಲ. ಈಗ ನಾನು ಪ್ರತಿ ಫ್ಲೋಲೂ ಟೈಮ್ ಝೋನ್ ಆರಿಸಿಯೇ ಇಡ್ತೀನಿ, ಯಾಕೆ ಹಾಗೆ ಮಾಡ್ದೆ ಅಂತ ಆ ಸ್ಟೆಪ್‌ನ ನೋಟ್‌ನಲ್ಲೇ ಕನ್ನಡದಲ್ಲಿ ಎರಡು ಸಾಲು ಬರೀತೀನಿ.

ಈಚೆಗೆ ನಾನೇ ಪ್ಲಾನಿಂಗ್ ಟೀಮಿಗೆ ಹೋಗೋ ಹೊತ್ತು ಬಂತು, ಫ್ಲೋಗಳನ್ನ ಒಬ್ಬ ಹೊಸ ಹುಡುಗನಿಗೆ ಕೊಡ್ಬೇಕು. ಮೊದಲು ಸುಲಭ ಅಂತ ಒಂದನ್ನ ಎಕ್ಸ್‌ಪೋರ್ಟ್ ಮಾಡಿ ಅವನ ಅಕೌಂಟಲ್ಲಿ ಇಂಪೋರ್ಟ್ ಮಾಡ್ಸಿದೆ. ಅದು ಹೊಸ ಫ್ಲೋ ಆಗತ್ತೆ, ಹಳೇ ರನ್ ಹಿಸ್ಟರಿ ಬರಲ್ಲ, ನಾನು ಹಳೇದನ್ನ ಆಫ್ ಮಾಡೋದು ಮರೆತು ಮಾರನೇ ದಿನ ಎಲ್ರಿಗೂ ಎರಡೆರಡು ಮೇಲ್. ಆಮೇಲೆ ಆ ದಾರಿ ಬಿಟ್ಟೆ. ಫ್ಲೋಗಳನ್ನ ಸೊಲ್ಯೂಷನ್ (ಫ್ಲೋಗಳನ್ನೆಲ್ಲಾ ಒಟ್ಟಿಗೆ ಇಡೋ ಪೆಟ್ಟಿಗೆ ಥರ) ಒಳಗೆ ಸೇರಿಸ್ದೆ, ಅಲ್ಲಿ ಸೇರಿದ ಮೇಲೆ ಪ್ರೈಮರಿ ಓನರ್ ಹೆಸರನ್ನೇ ಬದಲಾಯಿಸ್ಬಹುದು. ಹೊರಗಿದ್ದಾಗ ಕೋ-ಓನರ್ ಸೇರಿಸ್ಬಹುದು ಅಷ್ಟೇ, ಮೊದಲು ಮಾಡಿದೋರ ಹೆಸರು ತೆಗೆಯೋಕಾಗಲ್ಲ. ಕನೆಕ್ಷನ್ ರೆಫರೆನ್ಸ್ ಮಾಡ್ಕೊಂಡ್ರೆ ಲಾಗಿನ್ ಒಂದು ಕಡೆ ಬದಲಾಯಿಸಿದ್ರೆ ಅದನ್ನ ಬಳಸೋ ಎಲ್ಲಾ ಫ್ಲೋಗೂ ಆಯ್ತು. ಕೋ-ಓನರ್ ಜಾಗಕ್ಕೆ ಒಬ್ಬೊಬ್ರ ಹೆಸರು ಹಾಕೋ ಬದಲು ನಮ್ಮ ಎಂಐಎಸ್ ಗ್ರೂಪ್ ಹಾಕ್ದೆ, ಯಾರು ಟೀಮ್ ಬಿಟ್ರೂ ಗ್ರೂಪಿಂದ ತೆಗೆದ್ರೆ ಸಾಕು.

ಒಂದು ವಿಷಯ ಜೋರಾಗೇ ಹೇಳ್ಬೇಕು, ಕೇಳಿದೋರಿಗೆಲ್ಲಾ ಕೋ-ಓನರ್ ಕೊಡ್ಬೇಡಿ. ಆ ಫ್ಲೋ ಒಳಗೆ ನಿಮ್ಮ ಕನೆಕ್ಷನ್ ಇದ್ರೆ ಅವರು ಅದನ್ನ ಎಡಿಟ್ ಮಾಡಿ ನಿಮ್ಮ ಹೆಸರಲ್ಲೇ ಮೇಲ್ ಹೋಗೋ ಹಾಗೆ ಮಾಡ್ಬಹುದು. ಬಟನ್ ಒತ್ತಿ ಓಡಿಸೋದಷ್ಟೇ ಬೇಕಾದೋರಿಗೆ ರನ್ ಓನ್ಲಿ ಸಾಕು, ಅಲ್ಲಿ ಕನೆಕ್ಷನ್ ಓಡಿಸೋರದ್ದೇ ಇರ್ಲಿ ಅಂತಾನೂ ಆರಿಸ್ಬಹುದು. ನಮ್ಮ ಸ್ಟೋರ್ಸ್‌ನೋರಿಗೆಲ್ಲಾ ಹಾಗೇ ಕೊಟ್ಟಿರೋದು.

ಕನೆಕ್ಷನ್‌ಗಳಿಗೆ ಒಂದು ಸರ್ವಿಸ್ ಅಕೌಂಟ್ (ಯಾವ ಒಬ್ಬರದ್ದೂ ಅಲ್ಲದ, ಕೆಲಸಕ್ಕಷ್ಟೇ ಇರೋ ಅಕೌಂಟ್) ಕೊಡಿ ಅಂತ ಐಟಿಯವರನ್ನ ಕೇಳ್ದೆ. ಅದಕ್ಕೂ ಲೈಸೆನ್ಸ್ ಬೇಕು, ಅದರ ಜೊತೆಗೆ ಲಾಗಿನ್ ಆಗುವಾಗ ಕೇಳೋ ಒಪ್ಪಿಗೆ ಯಾರ ಫೋನಿಗೆ ಬರ್ಬೇಕು ಅನ್ನೋದಕ್ಕೇ ಎರಡು ಮೀಟಿಂಗ್ ಆಯ್ತು, ಕೊನೆಗೆ ಐಟಿ ಡೆಸ್ಕ್‌ನ ಫೋನಿಗೆ ಅಂತ ಒಪ್ಕೊಂಡ್ರು.

ಎಲ್ಲಾ ಮುಗಿದ ಮೇಲೆ ನನ್ನ ಹೆಸರಿನ ಕನೆಕ್ಷನ್‌ಗಳನ್ನ ನಾನೇ ಡಿಲೀಟ್ ಮಾಡಿ ಎರಡು ದಿನ ರಜೆ ಹಾಕಿ ತಿಪಟೂರಿಗೆ ಹೋದೆ. ಟೀಮ್ ಬಿಡೋಕೆ ಇನ್ನೂ ಎರಡು ವಾರ ಇತ್ತು, ಏನಾದ್ರೂ ನಿಂತ್ರೆ ಆಗ್ಲೇ ನಿಲ್ಲಲಿ ಅಂತ. ಮೊದಲನೇ ದಿನ ಒಂದು ನಿಂತೇ ಬಿಡ್ತು, ತಿಂಗಳಿಗೊಮ್ಮೆ ಓಡೋ ಸ್ಕ್ರ್ಯಾಪ್ ರಿಪೋರ್ಟಿಂದು, ನನ್ನ ಪಟ್ಟೀಲೇ ಇರ್ಲಿಲ್ಲ. ಹುಡುಗ ತಾನೇ ಕನೆಕ್ಷನ್ ಬದಲಾಯಿಸಿ ಮತ್ತೆ ಓಡ್ಸಿದ, ಆಮೇಲೆ ಫೋನ್ ಮಾಡಿ "ಅಕ್ಕಾ, ಸರಿ ಮಾಡ್ದೆ, ನೋಟ್‌ನಲ್ಲಿ ಬರ್ದಿದ್ದೀನಿ" ಅಂದ. ಎರಡನೇ ದಿನ ಅಮ್ಮ ಕಾಫಿ ಕೊಡೋ ಹೊತ್ತಿಗೆ 7:30ರ ಮೇಲ್ ಬಂತು, ಕಳಿಸಿದೋರ ಜಾಗದಲ್ಲಿ ಡಿಸ್ಪ್ಯಾಚ್ ಅಂತಷ್ಟೇ ಇತ್ತು.