‘ವಿನ್’ ಯಾವಾಗ, ‘ಬೀಟ್’ ಯಾವಾಗ?

‘ವಿ ವನ್ ಪಂಜಾಬ್!’ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಬಾರಿಗೆ ಐಪಿಎಲ್ ಕಪ್ ಎತ್ತಿದ ರಾತ್ರಿ ಇಂಥ ಸ್ಟೇಟಸ್ ಹಾಕಿದ್ದರೆ ಸಂಭ್ರಮ ಸರಿ, ಇಂಗ್ಲಿಷ್ ತಪ್ಪು. ಕನ್ನಡದ ‘ಗೆಲ್ಲು’ ಉದಾರಿ: ಪಂದ್ಯವನ್ನೂ ಗೆಲ್ಲಬಹುದು, ಎದುರಾಳಿಯನ್ನೂ ಗೆಲ್ಲಬಹುದು. ಇಂಗ್ಲಿಷಿನಲ್ಲಿ ಈ ಎರಡು ಕೆಲಸಕ್ಕೆ ಎರಡು ಕ್ರಿಯಾಪದ.

ಹಂತ 1: ಕರ್ಮಪದ ಹುಡುಕಿ. ‘ಏನನ್ನು ಗೆದ್ದರು?’ ಎಂದು ಕೇಳಿದಾಗ ಪಂದ್ಯ, ಕಪ್, ಚುನಾವಣೆ, ಬಹುಮಾನ, ಟೆಂಡರ್ ಎಂಬ ಉತ್ತರ ಬಂದರೆ ‘ವಿನ್’. ‘ಯಾರನ್ನು?’ ಎಂಬುದಕ್ಕೆ ಉತ್ತರ ಸಿಕ್ಕರೆ ‘ಬೀಟ್’. ಹಾಗಾಗಿ ‘ಆರ್‌ಸಿಬಿ ವನ್ ದಿ ಫೈನಲ್’, ಆದರೆ ‘ಆರ್‌ಸಿಬಿ ಬೀಟ್ ಪಂಜಾಬ್ ಬೈ ಸಿಕ್ಸ್ ರನ್ಸ್’.

ಹಂತ 2: ‘ಸೋಲಿಸು’ ಹಾಕಿ ನೋಡಿ. 1978ರ ಚಿಕ್ಕಮಗಳೂರು ಉಪಚುನಾವಣೆಯನ್ನೇ ತೆಗೆದುಕೊಳ್ಳಿ. ಇಂದಿರಾ ಗಾಂಧಿ ವೀರೇಂದ್ರ ಪಾಟೀಲರನ್ನು ಸೋಲಿಸಿದರು, ಇಲ್ಲಿ ‘ಬೀಟ್’. ಚಿಕ್ಕಮಗಳೂರನ್ನು ಸೋಲಿಸಿದರು ಎನ್ನಲು ಬರುವುದಿಲ್ಲವಲ್ಲ, ಆದ್ದರಿಂದ ಕ್ಷೇತ್ರಕ್ಕೆ ‘ವನ್’.

ಈ ಪರೀಕ್ಷೆ ಕೈಕೊಡುವ ಜಾಗವೂ ಉಂಟು. ನಾವು ದಾಖಲೆ ಮುರಿಯುತ್ತೇವೆ, ಸೋಲಿಸುವುದಿಲ್ಲ. ಇಂಗ್ಲಿಷಿನವರು ಅದಕ್ಕೂ ‘ಬೀಟ್’ ಅನ್ನುತ್ತಾರೆ. ದಾಖಲೆಯೂ ಅವರ ಲೆಕ್ಕದಲ್ಲಿ ಎದುರಾಳಿಯೇ ಇರಬೇಕು.

ಹಂತ 3: ‘ವಿನ್’ ಬಳಸಿಯೇ ಎದುರಾಳಿಯ ಹೆಸರು ಹೇಳಬೇಕೆಂದರೆ ನಡುವೆ ‘ಅಗೇನ್ಸ್ಟ್’ ಸೇರಿಸಿ: ‘ವಿ ವನ್ ಅಗೇನ್ಸ್ಟ್ ಪಂಜಾಬ್’. ‘ವಿನ್ ಓವರ್’ ಜೊತೆ ಮಾತ್ರ ಹುಷಾರು. ‘ಶಿ ವನ್ ಹಿಮ್ ಓವರ್’ ಅಂದರೆ ಅವನನ್ನು ಒಲಿಸಿಕೊಂಡಳು ಎಂದರ್ಥ, ಸೋಲಿನ ಮಾತೇ ಅಲ್ಲಿಲ್ಲ.

ಹಂತ 4: ಭೂತಕಾಲ. ‘ವಿನ್’ನ ಭೂತರೂಪದ ಉಚ್ಚಾರ ಒಂದು ಎಂಬ ಸಂಖ್ಯೆಯ ‘ವನ್’ನಂತೆಯೇ, ‘ವೋನ್’ ಅಲ್ಲ. ‘ಬೀಟ್’ ಭೂತಕಾಲದಲ್ಲೂ ‘ಬೀಟ್’. ‘ಬೀಟೆಡ್’ ಎಂಬ ಪದವೇ ಇಲ್ಲ. ಸೋತವರ ಕಡೆಯಿಂದ ಹೇಳುವಾಗ ‘ಬೀಟನ್’: ‘ಪಂಜಾಬ್ ವರ್ ಬೀಟನ್’. ತಂಡ ಎಂದರೆ ಹನ್ನೊಂದು ಜನ ಎಂದುಕೊಂಡು ಕ್ರೀಡಾ ವರದಿಗಳಲ್ಲಿ ‘ವಾಸ್’ ಬದಲು ‘ವರ್’ ಬರೆಯುವುದೇ ಹೆಚ್ಚು.

ಕಾಮೆಂಟರಿಯಲ್ಲಿ ‘ಬೀಟನ್!’ ಎಂದು ಕೂಗಿದ ಕೂಡಲೇ ಎದೆ ಹಿಡಿದುಕೊಳ್ಳಬೇಡಿ. ಚೆಂಡು ಬ್ಯಾಟಿಗೆ ತಾಗದೆ ಪಕ್ಕದಲ್ಲೇ ಹಾದುಹೋಯಿತು, ಅಷ್ಟೆ. ಬ್ಯಾಟರ್ ಇನ್ನೂ ಕ್ರೀಸಿನಲ್ಲೇ ಇರಬಹುದು.