ಹಿಂದಿನ ಸೀಟಿನವರಿಗೆ ಕೇಳುವ ಸದ್ದು

ಕಾರಿನ ಹುಚ್ಚಿರುವ ನಾವೊಂದಷ್ಟು ಗೆಳೆಯರು ಸೇರಿದರೆ ಮಾತು ಶುರುವಾಗುವುದು ಗಾಡಿಯಿಂದ. ಟೈರ್ ಬದಲಾಯಿಸಿದೆಯಾ, ಆಯಿಲ್ ಯಾವುದು ಹಾಕಿಸಿದೆ, ಹೊಸ ಮಾಡೆಲ್ ಓಡಿಸಿ ನೋಡಿದೆಯಾ. ಸ್ವಲ್ಪ ಹೊತ್ತಿಗೆ ಮಾತು ಮನೆಯೊಳಗೆ ಹೋಗಿರುತ್ತದೆ. ಯಾರ ಮಗಳಿಗೆ ಲೈಸೆನ್ಸ್ ಬಂತು, ಯಾರ ಅಮ್ಮನಿಗೆ ಎತ್ತರದ ಗಾಡಿ ಹತ್ತಲು ಮಂಡಿ ನೋವು, ಯಾರ ಮನೆಗೆ ಮಗು ಬರಲಿದೆ. ಹೊರಗಿನವರಿಗೆ ಇದು ಸುಮ್ನೆ ಹರಟೆ ಅನ್ನಿಸಬಹುದು. ನನಗೆ ಮಾತ್ರ ಗಾಡಿಯ ಬಗ್ಗೆ ಜಾಸ್ತಿ ಕಲಿಸಿದ್ದು ಈ ಹರಟೆಯೇ. ಅದರಲ್ಲೂ ಒಂದು ವಿಷಯ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಎಲ್ಲರ ಮಾತಲ್ಲೂ "ನನ್ನ ಹೆಂಡತಿ ಹೇಳಿದಳು", "ಮಗ ಹೇಳಿದ", "ಅಪ್ಪ ಕೇಳಿದರು, ಅದೇನೋ ಸದ್ದು ಅಂತ" ಎಂದೇ ಕಥೆ ಶುರುವಾಗುತ್ತಿತ್ತು. ಕಾರಿನ ತೊಂದರೆಯನ್ನು ಮೊದಲು ಗುರುತಿಸುವವರು ಎಷ್ಟೋ ಸಲ ಜೊತೆಗೆ ಕೂತವರು.

ಇದಕ್ಕೆ ಕಾರಣ ಇದೆ. ಚಕ್ರ ಸಲೀಸಾಗಿ ತಿರುಗಲು ಇರುವ ಬೇರಿಂಗ್ ಆಗಲಿ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್ ಆಗಲಿ ಒಂದೇ ದಿನದಲ್ಲಿ ಹಾಳಾಗುವುದು ಅಪರೂಪ. ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ದಿನಾ ಓಡಿಸುವವನ ಕಿವಿ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಅವನ ಗಮನವೂ ರಸ್ತೆಯ ಮೇಲಿರುತ್ತದೆ, ಇರಬೇಕು ಕೂಡ. ಅಪರೂಪಕ್ಕೆ ಹತ್ತಿ ಕೂರುವವರಿಗೆ ಆ ವ್ಯತ್ಯಾಸ ಒಮ್ಮೆಲೇ ಗೊತ್ತಾಗುತ್ತದೆ. ಜೊತೆಗೆ, ಹಿಂದಿನ ಸೀಟು ಇರುವುದು ಹಿಂದಿನ ಚಕ್ರಗಳ ಹತ್ತಿರ. ಅಲ್ಲಿಂದ ಬರುವ ಸದ್ದು ಮುಂದೆ ಕೂತವರಿಗೆ ಅಷ್ಟಾಗಿ ತಲುಪುವುದಿಲ್ಲ.

ನಮ್ಮ ಅಮ್ಮ ಒಂದು ಸಲ ಹಿಂದಿನಿಂದ, "ಏನೋ ಇದು, ದೂರದಲ್ಲಿ ವಿಮಾನ ಹೋದ ಹಾಗೆ ಗುಂಯ್ ಅಂತಿದೆಯಲ್ಲೋ" ಎಂದರು. ಕಿಟಕಿ ಮುಚ್ಚಿ, ರೇಡಿಯೋ ಆರಿಸಿ ಕೇಳಿದೆ. ವೇಗ ಹೆಚ್ಚಿದಂತೆ ಸದ್ದು ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಗೇರ್ ಬದಲಾಯಿಸಿ ಇಂಜಿನ್ ಸುತ್ತು ಇಳಿಸಿದರೂ ಸದ್ದು ಹಾಗೇ ಇತ್ತು. ಹಾಗಾದರೆ ಅದು ಇಂಜಿನ್ನಿನದಲ್ಲ, ಚಕ್ರದ ಕಡೆಯದು. ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎಡಕ್ಕೆ, ಬಲಕ್ಕೆ ವಾಲಿಸಿ ನೋಡಿದೆ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜೋರಾದರೆ ಅನುಮಾನ ಬಲಗಡೆಯ ಬೇರಿಂಗ್ ಮೇಲೆ. ಹಾಗೇ ಆಯಿತು. ಮನೆಗೆ ಬಂದು ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ ಕೈಯಲ್ಲಿ ತಿರುಗಿಸಿದಾಗ ಒಳಗೆ ಗರಗರ ಅನ್ನುವುದು ಬೆರಳಿಗೇ ಗೊತ್ತಾಯಿತು. ಬೇರಿಂಗ್ ಪೂರ್ತಿ ಸವೆದು ಚಕ್ರ ಅಲ್ಲಾಡುವ ಹೊತ್ತಿಗೆ ಅದು ಅಪಾಯದ ಮಾತು. ಅಮ್ಮನ ಒಂದು ವಾಕ್ಯ ನಮ್ಮನ್ನು ಅಲ್ಲಿಗೆ ಹೋಗದಂತೆ ತಡೆಯಿತು.

ಆಮೇಲೆ ನಾನು ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇಟ್ಟೆ. ಪೆನ್ ಬಿಸಿಲಿಗೆ ಒಣಗುತ್ತದೆ, ಪೆನ್ಸಿಲ್ ಒಣಗುವುದಿಲ್ಲ. ಕಾರಿನಲ್ಲಿ ಕೂತ ಯಾರು ಬೇಕಾದರೂ ಅದರಲ್ಲಿ ಬರೆಯಬಹುದು. ಓಡಿಸುವವರು ಮಾತ್ರ ಗಾಡಿ ನಿಲ್ಲಿಸಿದ ಮೇಲೆ ಬರೆಯಬೇಕು. ಇರುವ ನಿಯಮ ಒಂದೇ. ಏನು ಕೆಟ್ಟಿದೆ ಅಂತ ಬರೆಯಬಾರದು. ಏನು ಕೇಳಿತು, ಏನು ಮೂಗಿಗೆ ಬಂತು, ಯಾವಾಗ, ಎಲ್ಲಿ ಕೂತಿದ್ದಾಗ, ಇಷ್ಟೇ ಬರೆಯಬೇಕು. "ಸಸ್ಪೆನ್ಶನ್ ಹೋಗಿದೆ" ಅಂತ ಬರೆದರೆ ಎಲ್ಲರ ಯೋಚನೆಯೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. "ಹಂಪ್ ಇಳಿಯುವಾಗ ನನ್ನ ಬೆನ್ನ ಹಿಂದೆ, ಎಡಗಡೆ ದಡ್ ಅಂತು" ಅಂತ ಬರೆದರೆ ಮೆಕ್ಯಾನಿಕ್‌ಗೆ ಹುಡುಕುವ ಜಾಗ ಸಿಗುತ್ತದೆ.

ನನ್ನ ಮಗಳು ಇದರಲ್ಲಿ ಎಲ್ಲರಿಗಿಂತ ಚುರುಕು. ಸದ್ದನ್ನು ಕೇಳಿದ ಹಾಗೇ ಬರೆಯುತ್ತಾಳೆ. "ಪಾರ್ಕಿಂಗ್‌ನಲ್ಲಿ ಅಪ್ಪ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟಕ ಟಕ ಟಕ" ಅಂತ ಅವಳು ಬರೆದದ್ದನ್ನು ಹಾಗೇ ಗೆಳೆಯರಿಗೆ ಓದಿ ಹೇಳಿದೆ. ನಮ್ಮಲ್ಲಿ ಒಬ್ಬ ತಕ್ಷಣ, "ಗುರು, ಮುಂದಿನ ಚಕ್ರದ ಹಿಂದೆ ರಬ್ಬರ್ ಬೂಟ್ ಹರಿದಿದೆಯಾ ನೋಡು" ಎಂದ. ಇಂಜಿನ್‌ನ ಶಕ್ತಿಯನ್ನು ಮುಂದಿನ ಚಕ್ರಕ್ಕೆ ತಲುಪಿಸುವ ಆಕ್ಸಲ್‌ನ ತುದಿಯಲ್ಲಿ ಸಿವಿ ಜಾಯಿಂಟ್ ಇರುತ್ತದೆ. ಅದರ ಗ್ರೀಸ್ ಕಾಪಾಡಲು ಮಡಿಕೆ ಮಡಿಕೆಯ ರಬ್ಬರ್ ಬೂಟ್. ಬೂಟ್ ಹರಿದರೆ ಗ್ರೀಸ್ ಹೊರಗೆ, ಮಣ್ಣು ಒಳಗೆ. ಸದ್ದು ಬರುವ ಮೊದಲೇ ಬೂಟ್ ಬದಲಾಯಿಸಿದರೆ ಕೆಲಸ ಸಣ್ಣದರಲ್ಲಿ ಮುಗಿಯುತ್ತದೆ. ಸದ್ದು ಶುರುವಾದ ಮೇಲೆ ಸಾಮಾನ್ಯವಾಗಿ ಜಾಯಿಂಟನ್ನೇ ಬದಲಾಯಿಸಬೇಕು. ಈಗ ನಾನು ಟೈರ್ ನೋಡುವಾಗಲೆಲ್ಲ ಬೂಟಿಗೂ ಟಾರ್ಚ್ ಹಿಡಿಯುತ್ತೇನೆ.

ಹೆಂಡತಿಯ ಬರಹ ನಡುಕದ ಬಗ್ಗೆ ಜಾಸ್ತಿ. ಅವಳಿಂದ ನಾನು ಕಲಿತದ್ದು, ನಡುಕ ಎಲ್ಲಿ ಕಾಣಿಸುತ್ತದೆ ಅನ್ನುವುದನ್ನು ಬಿಡಿಸಿ ನೋಡುವುದು. ಬ್ರೇಕ್ ಒತ್ತದೆಯೇ, ಒಂದು ವೇಗಕ್ಕೆ ಬಂದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್, ಅಂದರೆ ತೂಕ ಸುತ್ತಲೂ ಸಮವಾಗಿದೆಯಾ ಅಂತ ನೋಡಿಸಬೇಕು. ಅದೇ ನಡುಕ ಸ್ಟೀರಿಂಗಿಗೆ ಬರದೆ ಸೀಟಿಗೆ ಬಂದರೆ ಹಿಂದಿನ ಚಕ್ರಗಳು. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕ್‌ನ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವ ಸಾಧ್ಯತೆ ಹೆಚ್ಚು. ಇನ್ನು ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಬ್ರೇಕ್ ಬೆಳಗ್ಗೆ ಮೊದಲ ಸಲ ಗೊರ್ ಅಂದರೆ ಹೆದರಬೇಕಿಲ್ಲ. ಡಿಸ್ಕ್ ಮೇಲಿನ ತೆಳು ತುಕ್ಕು ಅದು, ಒಂದೆರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ದಿನವಿಡೀ ಕೀರಲು ಸದ್ದು ಬಂದರೆ ಮಾತ್ರ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ತೆಗೆಸಿ ನೋಡಿ. ಸವೆದಾಗ ಎಚ್ಚರಿಸಲೆಂದೇ ಹಲವು ಪ್ಯಾಡ್‌ಗಳಲ್ಲಿ ಒಂದು ಲೋಹದ ಪಟ್ಟಿ ಇಟ್ಟಿರುತ್ತಾರೆ.

ವಾಸನೆಗೂ ಪುಸ್ತಕದಲ್ಲಿ ಜಾಗ ಇದೆ. ಗಾಡಿಯೊಳಗೆ ಸಿಹಿ ಸಿಹಿ ವಾಸನೆ ಬಂದು, ಮುಂದಿನ ಗಾಜಿನ ಒಳಗಡೆ ಜಿಡ್ಡು ಕಟ್ಟಿದರೆ ಹೀಟರ್ ಕಡೆಯಿಂದ ಕೂಲೆಂಟ್, ಅಂದರೆ ಇಂಜಿನ್ ತಣ್ಣಗಿಡುವ ದ್ರವ ಸೋರುತ್ತಿರಬಹುದು. ಚಿಕ್ಕ ಮಕ್ಕಳು, ನಾಯಿ ಬೆಕ್ಕು ಇರುವ ಮನೆಯವರು ಇದನ್ನು ಹಗುರವಾಗಿ ನೋಡಬಾರದು. ಸಾಮಾನ್ಯ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ದೇಹಕ್ಕೆ ವಿಷ. ನೆಲಕ್ಕೆ ಸೋರಿದ್ದನ್ನು ಕೂಡಲೇ ತೊಳೆದುಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗುತ್ತಿದೆಯಾ ಅಂತ ಮೊದಲು ನೋಡಿಸಿ. ಪೆಟ್ರೋಲ್ ವಾಸನೆ ಬಂದರೆ ಪುಸ್ತಕದಲ್ಲಿ ಬರೆಯುತ್ತಾ ಕೂರಬೇಡಿ. ಗಾಡಿ ನಿಲ್ಲಿಸಿ, ಎಲ್ಲರನ್ನೂ ಇಳಿಸಿ.

ಹೀಗೆ ಮನೆಯವರು ಹೇಳಿದ್ದಕ್ಕೆ ಬೆಲೆ ಕೊಡುವುದು ಕಾರಿನಷ್ಟೇ ಹಳೆಯದು ಅನ್ನುವುದು ನನಗೆ ತುಂಬ ಇಷ್ಟವಾದ ವಿಷಯ. ಜರ್ಮನಿಯ ಇಂಜಿನಿಯರ್ ಕಾರ್ಲ್ ಬೆನ್ಜ್ ತನ್ನ ಮೂರು ಚಕ್ರದ ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಅಂಥ ಗಾಡಿಯಲ್ಲಿ ದೂರದ ಪ್ರಯಾಣ ಹೋಗಿ ತೋರಿಸಿದ್ದು ಮಾತ್ರ ಅವನ ಹೆಂಡತಿ ಬರ್ಥಾ ಬೆನ್ಜ್. 1888ರ ಆಗಸ್ಟ್‌ನಲ್ಲಿ, ಗಂಡನಿಗೆ ಹೇಳದೆ, ಮಕ್ಕಳಾದ ಯೂಗೆನ್ ಮತ್ತು ರಿಚರ್ಡ್ ಜೊತೆ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಸುಮಾರು 100 ಕಿಲೋಮೀಟರ್ ದೂರದ ತವರಿಗೆ ಹೊರಟಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ದಾರಿಯಲ್ಲಿ ಔಷಧಿ ಅಂಗಡಿಯಿಂದ ಇಂಧನ ಕೊಂಡಳು. ಸವೆದ ಮರದ ಬ್ರೇಕಿಗೆ ಚಮ್ಮಾರನಿಂದ ಚರ್ಮ ಹೊದಿಸಿದಳು. ಏರಿನಲ್ಲಿ ಗಾಡಿ ಎಳೆಯದಿದ್ದಾಗ ಮಕ್ಕಳು ಇಳಿದು ತಳ್ಳಿದರು. ಮನೆಗೆ ಬಂದ ಮೇಲೆ ಅವಳು ಹೇಳಿದ್ದನ್ನು ಕೇಳಿ, ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದರು ಎನ್ನುತ್ತಾರೆ. ಮಗಳಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ ಪ್ರಶ್ನೆ, "ಆ ಹುಡುಗರಿಗೆ ಎಷ್ಟು ವಯಸ್ಸು ಅಪ್ಪಾ?" ದೊಡ್ಡವನಿಗೆ 15, ಚಿಕ್ಕವನಿಗೆ 13. ಆವತ್ತು ಅವಳೇ ಸ್ಟೆಪ್ನಿ ಇಳಿಸುವುದು ಕಲಿಯುತ್ತೇನೆ ಅಂದಳು.

ಗೆಳೆಯರಲ್ಲೂ ಕೆಲವರು ನೋಟ್‌ಬುಕ್ ಇಟ್ಟರು. ಎಲೆಕ್ಟ್ರಿಕ್ ಕಾರು ಕೊಂಡ ಗೆಳೆಯನಿಗೆ ಇದು ಇನ್ನೂ ಹೆಚ್ಚು ಉಪಯೋಗಕ್ಕೆ ಬಂತು. ಇಂಜಿನ್ ಸದ್ದೇ ಇಲ್ಲದ ಗಾಡಿಯಲ್ಲಿ ಡಿಕ್ಕಿಯ ಸಣ್ಣ ಕಟಕಟವೂ ಮಕ್ಕಳ ಕಿವಿಗೆ ಬೀಳುತ್ತದೆ. ಇನ್ನೊಬ್ಬನ ಮನೆಗೆ ಮಗು ಬಂದಾಗ ನಮ್ಮ ಮಾತೆಲ್ಲ ತುಂಬ ದಿನ ಚೈಲ್ಡ್ ಸೀಟಿನ ಸುತ್ತಲೇ ನಡೆಯಿತು. ಕೂಸಿನ ಮುಖ ಹಿಂದಕ್ಕೆ ಇರಬೇಕು, ಯಾಕೆಂದರೆ ಗುದ್ದಿದಾಗ ಎಳೆಯ ಕತ್ತಿಗೆ ಬೀಳುವ ಸೆಳೆತವನ್ನು ಸೀಟಿನ ಬೆನ್ನು ಹಂಚಿಕೊಳ್ಳುತ್ತದೆ. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಅಂಥ ಚೈಲ್ಡ್ ಸೀಟ್ ಇಡಲೇಬಾರದು. ಕಟ್ಟಿದ ಮೇಲೆ ಬೆಲ್ಟ್ ಹಾದುಹೋಗುವ ಕಡೆ ಹಿಡಿದು ಅಲ್ಲಾಡಿಸಿ ನೋಡಬೇಕು, 2.5 ಸೆಂಟಿಮೀಟರ್‌ಗಿಂತ ಜಾಸ್ತಿ ಸರಿಯಬಾರದು. ಎಲ್ಲರೂ ಬಂದು ಒಬ್ಬೊಬ್ಬರೇ ಅಲ್ಲಾಡಿಸಿ ನೋಡಿ ಹೋದೆವು. ಟರ್ಬೋ, ಹಾರ್ಸ್‌ಪವರ್ ಬಿಟ್ಟು ಬೇರೆ ಮಾತಿಲ್ಲದವರೂ ಆವತ್ತು ಕೂಸಿನ ಹೆಗಲ ಬೆಲ್ಟ್ ಎತ್ತರ ಸರಿ ಮಾಡುತ್ತಾ ನಿಂತಿದ್ದರು.

ತುಂಬ ಕಷ್ಟದ ಮಾತು ಬಂದದ್ದು ಒಬ್ಬ ಗೆಳೆಯನ ಅಪ್ಪನ ವಿಷಯದಲ್ಲಿ. ಅವರು ಒಳ್ಳೆಯ ಡ್ರೈವರ್. ಕಾರ್ಬ್ಯುರೇಟರ್ ಕಾಲದ ಗಾಡಿಗಳನ್ನು ಚೋಕ್ ಎಳೆದು ಓಡಿಸಿದವರು, ನಮಗೆಲ್ಲ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಬಾರದು ಅಂತ ಹೇಳಿಕೊಟ್ಟವರು. ರಾತ್ರಿ ಎದುರಿನ ಗಾಡಿಯ ಬೆಳಕು ಬಿದ್ದರೆ ಅವರಿಗೆ ಸ್ವಲ್ಪ ಹೊತ್ತು ರಸ್ತೆಯೇ ಕಾಣುತ್ತಿರಲಿಲ್ಲ. ವಯಸ್ಸಾದಂತೆ ಕಣ್ಣಿನ ಪಾಪೆ ಚಿಕ್ಕದಾಗುತ್ತದೆ, ಪ್ರಖರ ಬೆಳಕಿನಿಂದ ಚೇತರಿಸಿಕೊಳ್ಳಲು ಜಾಸ್ತಿ ಸಮಯ ಬೇಕಾಗುತ್ತದೆ. ಮಗ ನೇರವಾಗಿ "ಇನ್ನು ಓಡಿಸಬೇಡಿ" ಅಂತ ಹೇಳಲಾರ. ಅವನ ಮನೆಯ ನೋಟ್‌ಬುಕ್ ಇಲ್ಲಿ ನೆರವಿಗೆ ಬಂತು. ಅಪ್ಪನೇ ತಮ್ಮ ಕೈಯಲ್ಲಿ "ರಾತ್ರಿ ಎದುರು ಲೈಟಿಗೆ ಕಣ್ಣು ಕತ್ತಲೆ ಬಂತು" ಅಂತ ಬರೆದಿದ್ದರು. ಮಗ ಮೊದಲು ಗಾಜನ್ನು ಒಳಗೂ ಹೊರಗೂ ಒರೆಸಿದ, ಹೆಡ್‌ಲೈಟ್ ಮಟ್ಟ ನೋಡಿಸಿದ, ಆಮೇಲೆ ಅಪ್ಪನನ್ನು ಕಣ್ಣಿನ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಪೊರೆ ಬೆಳೆಯುತ್ತಿತ್ತು. ರಾತ್ರಿ ಡ್ರೈವಿಂಗ್ ಬಿಡುತ್ತೇನೆ ಅಂತ ಅವರೇ ಹೇಳಿದರು. ಹಗಲಲ್ಲಿ ಈಗಲೂ ಓಡಿಸುತ್ತಾರೆ. ತಮ್ಮ ಮಾತನ್ನು ತಾವೇ ಬರೆದು ತಾವೇ ಓದಿದ್ದರಿಂದ ಅವರ ಮರ್ಯಾದೆಗೆ ಎಲ್ಲೂ ಪೆಟ್ಟು ಬೀಳಲಿಲ್ಲ. ನನಗೆ ಇದು ಎಷ್ಟೋ ಬೇರಿಂಗ್‌ಗಳಿಗಿಂತ ದೊಡ್ಡ ವಿಷಯ.

ಈಗ ಆ ಹಿರಿಯರೇ ಎರಡು ಮನೆಗಳ ಟೈರ್ ಉಸ್ತುವಾರಿ. ಗಾಳಿಯ ಒತ್ತಡವನ್ನು ಗಾಡಿ ಓಡುವ ಮೊದಲು, ಟೈರ್ ತಣ್ಣಗಿರುವಾಗ ಅಳೆಯುತ್ತಾರೆ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಇರುತ್ತದೆ. ಟೈರಿನ ಪಕ್ಕದಲ್ಲಿ ಬರೆದಿರುವುದು ಅದು ತಡೆಯಬಲ್ಲ ಗರಿಷ್ಠ ಒತ್ತಡ, ಅದನ್ನು ತುಂಬಿಸಬಾರದು. ಟೈರಿನ ವಯಸ್ಸು ನೋಡುವುದನ್ನು ನನ್ನ ಮಗಳಿಗೆ ಕಲಿಸಿದ್ದೂ ಅವರೇ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಇತ್ತು, ಎರಡೂ ಅಂಚು ಸವೆದಿದ್ದರೆ ಕಡಿಮೆ ಇತ್ತು, ಒಂದೇ ಅಂಚು ಸವೆದಿದ್ದರೆ ಅಲೈನ್ಮೆಂಟ್, ಅಂದರೆ ಚಕ್ರಗಳು ನಿಂತ ಕೋನ ನೋಡಿಸಬೇಕು.

ನೀವೂ ಇಂಥದ್ದೊಂದು ಪುಸ್ತಕ ಇಡುವುದಾದರೆ ಮೊದಲ ಪುಟದಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಖು ಬರೆಯಿರಿ. ಅದು ಗಾಳಿಯ ತೇವವನ್ನು ಹೀರುತ್ತಾ ಹೋಗುತ್ತದೆ, ಕುದಿಯುವ ಮಟ್ಟ ಇಳಿಯುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತಡೆಯಬೇಕು, ತೇವ ಸೇರಿದ ಮೇಲಿನ ಮಾನದಂಡ 155 ಡಿಗ್ರಿ ಮಾತ್ರ. ಇದು ಯಾರ ಕಿವಿಗೂ ಮೂಗಿಗೂ ಸಿಗುವುದಿಲ್ಲ, ಹಾಗಾಗಿ ತಾರೀಖೇ ಬೇಕು. ಉಳಿದ ಪುಟಗಳು ಮನೆಯವರದ್ದು. ಮೆಕ್ಯಾನಿಕ್ ಹತ್ತಿರ ಹೋಗುವಾಗ ಪುಸ್ತಕದ ಜೊತೆ ಸದ್ದು ಕೇಳಿದವರನ್ನೂ ಕರೆದುಕೊಂಡು ಹೋಗಿ. ಟೆಸ್ಟ್ ಡ್ರೈವ್‌ನಲ್ಲಿ ಅವರು ಆವತ್ತು ಎಲ್ಲಿ ಕೂತಿದ್ದರೋ ಅಲ್ಲೇ ಕೂರಿಸಿ, "ಹಾಂ, ಇದೇ" ಅಂತ ಅವರು ಹೇಳುವವರೆಗೆ ಓಡಿಸಲು ಹೇಳಿ.